ಹನ್ನೆರಡು ಸಾಲಿನ ಷಡ್ಡಕ

ಎಲ್ಲಾ ಶುರುವಾದದ್ದು ಒಂದು ಮೆಟ್ಟಿಲಿನಿಂದ. ಮೂವತ್ತು ವರ್ಷದಿಂದ ಮನೆಗಳ ನಕ್ಷೆ ಬರೆಯುವ ಮಾವನಿಗೆ ಯಾರದೋ ಮನೆಯ ಮೆಟ್ಟಿಲಿನ ನಕ್ಷೆ ಕಂಪ್ಯೂಟರಿನಲ್ಲಿ ಸಿಗಲಿಲ್ಲ. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಮತ್ತೊಂದು. ಅರ್ಧ ಗಂಟೆ ತಡಕಾಡಿ ಕನ್ನಡಕ ತೆಗೆದಿಟ್ಟರು.

“ಅಳಿಯಂದ್ರೇ, ಇಬ್ರೂ ಕೋಡ್ ಬರೆಯೋರು. ಇದರ ಹೊಟ್ಟೇಲಿ ಯಾವುದರೊಳಗೆ ಯಾವುದಿದೆ ಅಂತ ಒಂದೇ ಪುಟದಲ್ಲಿ ತೋರಿಸಿ. ಸಂಜೆ ಐದಕ್ಕೆ ಯಾರದು ಚೆನ್ನಾಗಿರುತ್ತೋ, ನಾಳೆಯಿಂದ ಅವರು ನನ್ನ ಕುರ್ಚೀಲಿ ಕೂತು ಆಫೀಸು ನೋಡ್ಕೊಳ್ಳಿ. ನನಗೂ ಸಾಕಾಗಿದೆ.”

ದೊಡ್ಡಳಿಯ ಮದುವೆಯಾದ ದಿನದಿಂದ ಆ ಕುರ್ಚಿಯ ಮೇಲೆ ಕಣ್ಣಿಟ್ಟವನು. ಅವನ ಷಡ್ಡಕ, ಅಂದರೆ ಚಿಕ್ಕಳಿಯ, ಈ ಮನೆಗೆ ಬಂದು ಎರಡೇ ವರ್ಷ. ಆದರೂ ಅತ್ತೆ ಕಾಫಿ ಕೊಡುವುದು ಅವನಿಗೇ ಮೊದಲು. ಇದನ್ನು ದೊಡ್ಡಳಿಯ ಎರಡು ವರ್ಷದಿಂದ ನುಂಗಿಕೊಂಡಿದ್ದ, ಅರಗಿಸಿಕೊಂಡಿರಲಿಲ್ಲ.

ಅವನು ಕೈಯಾರೆ ಟೈಪು ಮಾಡತೊಡಗಿದ. ಬ್ರಾಕೆಟ್ ತೆರೆಯುವುದು, ಫೋಲ್ಡರಿನ ಹೆಸರು ಬರೆಯುವುದು, ಅದರ ಮರಿಗಳನ್ನು ಒಳಗೆ ಕೂರಿಸುವುದು, ಬ್ರಾಕೆಟ್ ಮುಚ್ಚುವುದು. ಹನ್ನೊಂದು ಗಂಟೆಗೆ ನಾನೂರು ಸಾಲಾಯಿತು. ಎಲ್ಲೋ ಒಂದು ಬ್ರಾಕೆಟ್ ಮುಚ್ಚದೆ ಹೋಗಿ, ಪುಟದಲ್ಲಿ ಮೂರು ಬಂಗಲೆಗಳು ಒಂದು ಸ್ನಾನದಮನೆಯೊಳಗೆ ಸೇರಿಕೊಂಡಿದ್ದವು.

“ಚಿಕ್ಕೋರದ್ದು ಹನ್ನೆರಡೇ ಸಾಲಂತೆ ಸಾರ್,” ಎಂದು ಪಕ್ಕದ ಮೇಜಿನ ಮುದಿ ನಕ್ಷೆಗಾರ ಸುದ್ದಿ ತಂದ. ದೊಡ್ಡಳಿಯ ನೀರು ಕುಡಿಯುವ ನೆಪದಲ್ಲಿ ಹೋಗಿ ಇಣುಕಿದ. ನಿಜ! ‘ಫೋಲ್ಡರ್ ತೆರೆ, ಒಳಗಿರುವುದನ್ನು ಬರೆದುಕೋ, ಒಳಗೆ ಇನ್ನೊಂದು ಫೋಲ್ಡರ್ ಕಂಡರೆ ಅಲ್ಲೂ ಹೀಗೇ ಮಾಡು.’ ಅಷ್ಟೇ. ಕುಡಿದ ನೀರೆಲ್ಲ ಹೊಟ್ಟೆಯ ಉರಿಗೆ ಆವಿಯಾಯಿತು.

ಅಷ್ಟರಲ್ಲಿ ಹೆಂಡತಿಯ ಫೋನು. “ರೀ, ನನ್ನ ತಂಗಿ ಆಗ್ಲೇ ಆ ಕುರ್ಚಿಗೆ ದಿಂಬು ಹೊಲೀತಿದಾಳೆ. ನೀವೇನ್ ಮಾಡ್ತಿದೀರಿ?”

“ನೋಡ್ತಾ ಇರು,” ಎಂದ.

ತಾನು ಗೆಲ್ಲದಿದ್ದರೂ ಚಿಂತೆಯಿಲ್ಲ, ಅವನು ಗೆಲ್ಲಬಾರದು. ದೊಡ್ಡಳಿಯ ಗುಟ್ಟಾಗಿ ಮಾವನ ಕಂಪ್ಯೂಟರಿನ ಮೂಲೆಯಲ್ಲೊಂದು ಖಾಲಿ ಫೋಲ್ಡರ್ ಇಟ್ಟ. ಷಡ್ಡಕನ ಪ್ರೋಗ್ರಾಂ ಅಲ್ಲಿ ಮುಗ್ಗರಿಸಿ ನಿಂತಿತು. “ಅರೆ, ಇದು ನನಗೆ ಹೊಳೆದೇ ಇರಲಿಲ್ಲ!” ಎಂದು ಷಡ್ಡಕ ಒಂದು ಸಾಲು ಸೇರಿಸಿದ. ಓಡಿತು.

ದೊಡ್ಡಳಿಯ ಊಟ ಬಿಟ್ಟು ಒಂದರೊಳಗೊಂದು ಸಾವಿರದಿನ್ನೂರು ಫೋಲ್ಡರ್ ಹೂತ. ಪ್ರೋಗ್ರಾಂ ಏದುಸಿರು ಬಿಟ್ಟು ಬಿತ್ತು. ಷಡ್ಡಕ ಅದನ್ನೂ ಎಬ್ಬಿಸಿದ. ಕೊನೆಗೆ ದೊಡ್ಡಳಿಯ, ಎಲ್ಲಕ್ಕಿಂತ ಒಳಗಿನ ಫೋಲ್ಡರಿನಲ್ಲಿ ಎಲ್ಲಕ್ಕಿಂತ ಹೊರಗಿನದಕ್ಕೇ ವಾಪಸು ಕರೆದೊಯ್ಯುವ ಒಂದು ಕೊಂಡಿ ಹಾಕಿದ. ಮೊಮ್ಮಗನ ಹೊಟ್ಟೆಯಲ್ಲಿ ತಾತ! ಪ್ರೋಗ್ರಾಂ ಗಾಣದೆತ್ತಿನಂತೆ ಸುತ್ತತೊಡಗಿತು. ದೊಡ್ಡಳಿಯ ಬೆಳಗಿನಿಂದ ಮೊದಲ ಸಲ ನಕ್ಕ. ನಾಲ್ಕೂ ಮುಕ್ಕಾಲಿಗೆ ಷಡ್ಡಕ, ‘ಒಮ್ಮೆ ನೋಡಿದ ಕಡೆ ಮತ್ತೆ ಹೋಗಬೇಡ’ ಎಂದು ಅದಕ್ಕೂ ಬುದ್ಧಿ ಹೇಳಿದ.

ಐದಕ್ಕೆ ಮಾವ ಬಂದರು. ದೊಡ್ಡಳಿಯನ ಪುಟದಲ್ಲಿ ಬಂಗಲೆಗಳು ಇನ್ನೂ ಸ್ನಾನ ಮಾಡುತ್ತಿದ್ದವು. ಷಡ್ಡಕನ ಪುಟದಲ್ಲಿ ಒಂದೇ ನಿಮಿಷಕ್ಕೆ ಮೆಟ್ಟಿಲು ಸಿಕ್ಕಿತು.

“ಭೇಷ್!” ಎಂದರು ಮಾವ.

“ಇದರಲ್ಲಿ ಅರ್ಧ ಪಾಲು ಅಣ್ಣಂದು, ಮಾವ,” ಎಂದ ಷಡ್ಡಕ. “ಬೆಳಿಗ್ಗೆಯಿಂದ ಊಟಾನೂ ಬಿಟ್ಟು ತೊಡಕಿನ ಫೋಲ್ಡರ್‌ಗಳನ್ನ ಇಟ್ಟು ನನ್ನ ಪ್ರೋಗ್ರಾಂ ಪರೀಕ್ಷೆ ಮಾಡಿದ್ರು. ಯಾರು ಇಟ್ಟಿದ್ದು ಅಂತ ಕಂಪ್ಯೂಟರ್ರೇ ತೋರಿಸ್ತು. ಅಣ್ಣ ಮಾತ್ರ ಒಂದು ಮಾತೂ ಆಡಲಿಲ್ಲ.”

ದೊಡ್ಡಳಿಯ ಮೊದಲು ಬೆವರಿದ. ಆಮೇಲೆ ಆಸೆಯಾಯಿತು. ಅರ್ಧ ಪಾಲು ಎಂದರೆ ಅರ್ಧ ಕುರ್ಚಿಯಾದರೂ ಬರಬೇಕಲ್ಲ?

ಮಾವನ ಕಣ್ಣು ಒದ್ದೆಯಾಯಿತು. “ಎಂಥಾ ದೊಡ್ಡ ಮನಸ್ಸು! ಚಿಕ್ಕಳಿಯಂದ್ರೇ, ಕುರ್ಚಿ ನಿಮ್ಮದು. ದೊಡ್ಡಳಿಯಂದ್ರೇ, ನಾಳೆಯಿಂದ ನೀವು ಅವರ ಎದುರಿಗೇ ಸ್ಟೂಲ್ ಹಾಕ್ಕೊಂಡು ಕೂತ್ಕೊಳ್ಳಿ. ಅವರು ಕಟ್ಟಲಿ, ನೀವು ಕೆಡಿಸಿ. ಏನೇನು ಕೆಡಿಸಿದ್ರಿ ಅಂತ ದಿನಾ ಸಂಜೆ ಅವರಿಗೆ ಬರೆದು ಕೊಡಿ.”

“ಒಂಬತ್ತಕ್ಕೇ ಬಂದ್ಬಿಡಿ ಅಣ್ಣ,” ಎಂದು ಷಡ್ಡಕ ಕೈ ಹಿಡಿದುಕೊಂಡ. “ಸಂಕೋಚ ಬೇಡ, ಮನಸಾರೆ ಕೆಡಿಸಿ.”

ಅಪ್ಪಣೆ ಸಿಕ್ಕಿದ್ದೇ ತಡ, ದೊಡ್ಡಳಿಯನಿಗೆ ಕೆಡಿಸುವ ಆಸೆಯೇ ಹೊರಟುಹೋಯಿತು.