ಮೂವತ್ತೆಂಟು ಸಲ ನೋಡಿದ ಬಸ್ಸು

ಮನುಷ್ಯನ ಗುಟ್ಟು ಮೊದಲು ಅವನ ಹೆಂಡತಿಗೆ ಗೊತ್ತಾಗುತ್ತದೆ, ಆಮೇಲೆ ನೆರೆಮನೆಯವರಿಗೆ, ಕಟ್ಟಕಡೆಗೆ ಅವನಿಗೆ ಎಂದು ನಾನು ತಿಳಿದುಕೊಂಡಿದ್ದೆ. ಈಗ ಈ ಸಾಲಿನಲ್ಲಿ ಹೆಂಡತಿಯನ್ನೂ ಹಿಂದಕ್ಕೆ ತಳ್ಳಿ ಬಸ್ಸು ಟಿಕೆಟಿನ ಕಂಪೆನಿಯೊಂದು ಮುಂದೆ ಬಂದು ನಿಂತಿದೆ. ನನ್ನ ಗುಟ್ಟು ಅಂಥ ದೊಡ್ಡದೇನೂ ಅಲ್ಲ. ಹುಬ್ಬಳ್ಳಿಯಲ್ಲಿ ನನಗೊಬ್ಬಳು ಅಕ್ಕ ಇದ್ದಾಳೆ. ಆರು ವರ್ಷಗಳಿಂದ ನಾನು ಅವಳೊಂದಿಗೆ ಮಾತು ಬಿಟ್ಟಿದ್ದೆ. ಆದರೂ ಅವಳನ್ನು ನೋಡಬೇಕೆಂದು ನನಗೆ ತುಂಬ ಆಸೆಯಿತ್ತು. ಇವುಗಳಲ್ಲಿ ಮೊದಲಿನ ಎರಡು ಸಂಗತಿಗಳು ಬಂಧುಬಳಗಕ್ಕೆಲ್ಲ ಗೊತ್ತು. ಮೂರನೆಯದು ಗೊತ್ತಿದ್ದದ್ದು ಆ ಕಂಪೆನಿಗೆ ಮಾತ್ರ.

ಜಗಳದ ಕಾರಣ ಹೇಳಿದರೆ ನೀವು ನಗುತ್ತೀರಿ. ನಗಿ, ಹೇಳುತ್ತೇನೆ. ನಮ್ಮ ಕಡೆಯ ಮದುವೆಗಳಲ್ಲಿ ಸೋದರಮಾವನಿಗೆ ಒಂದು ಸ್ಥಾನ ಇದೆ. ಉಳಿದ ದಿನಗಳಲ್ಲಿ ಅವನನ್ನು ಯಾರೂ ಕೇಳದಿದ್ದರೂ ಅಂದು ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರುವವನು ಅವನೇ. ಅಕ್ಕನ ಒಬ್ಬಳೇ ಮಗಳು ಶ್ರುತಿಯ ಮದುವೆ ಹುಬ್ಬಳ್ಳಿಯಲ್ಲೇ ಆಯಿತು. ಭಾವನಿಗೆ ಅಲ್ಲಿ ಹೋಟೆಲು. ನನ್ನ ಹೆಂಡತಿ ವಾರಿಜಾ ನಾಲ್ಕು ದಿನ ಮೊದಲೇ ಹೋಗಿದ್ದಳು. ನಾನು ಮಂಗಳೂರಿನ ಬಲ್ಮಠದ ಒಂದು ಕಾಲೇಜಿನ ಆಫೀಸಿನಲ್ಲಿ ಸೂಪರಿಂಟೆಂಡೆಂಟು. ನಾನಿಲ್ಲದಿದ್ದರೆ ಪರೀಕ್ಷೆಯ ಅರ್ಜಿಗಳು ಕಪಾಟು ಬಿಟ್ಟು ಕದಲುವುದಿಲ್ಲ ಎಂಬ ಭ್ರಮೆಯಲ್ಲಿ ಕೊನೆಯ ಗಳಿಗೆಯ ಬಸ್ಸಿಗೆ ಹೊರಟೆ. ಅದು ಯಲ್ಲಾಪುರದ ಈಚೆ ಘಾಟಿಯಲ್ಲಿ ಕೆಟ್ಟು ನಿಂತಿತು. ನಾನು ಛತ್ರ ತಲುಪಿದಾಗ ಮುಹೂರ್ತ ಮುಗಿದು ನಲವತ್ತು ನಿಮಿಷವಾಗಿತ್ತು. ಭಾವನ ಕಡೆಯ ಯಾರೋ ಒಬ್ಬ ದಪ್ಪ ಮನುಷ್ಯ ನನ್ನ ಸೊಸೆಯನ್ನು ಮಂಟಪಕ್ಕೆ ಕರೆತಂದನಂತೆ. ನಾನು ಮುಖ ಊದಿಸಿಕೊಂಡು ನಿಂತದ್ದನ್ನು ನೋಡಿ ಅಕ್ಕ, “ಮುಹೂರ್ತ ನಿನ್ನ ಬಸ್ಸಿಗೆ ಕಾಯ್ತದಾ?” ಎಂದಳು. ಹತ್ತು ಜನರ ಎದುರು ಹೇಳಿದಳು, ಹತ್ತು ಜನರೂ ನಕ್ಕರು. ನಾನು ಊಟ ಮಾಡದೆ ಛತ್ರದಿಂದ ಇಳಿದು ಬಂದೆ.

ಅವಳು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಒಂದು ತಿಂಗಳೊಳಗೆ ನನಗೇ ಅನ್ನಿಸಿತ್ತು. ಆದರೆ ಉಣ್ಣದೆ ಎದ್ದುಬಂದವನು ಯಾರೂ ಕರೆಯದೆ ಮರಳಿ ಹೋಗುವುದು ಹೇಗೆ? ಅವಳು ಕರೆಯಲಿ ಎಂದು ನಾನು ಕಾದೆ. ಇವನೇ ಬರಲಿ ಎಂದು ಅವಳು ಕಾದಿರಬೇಕು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಹಟದಲ್ಲಿ ಹೆಚ್ಚುಕಡಿಮೆ ಇರುವುದಿಲ್ಲ.

ಮೊದಲೆಲ್ಲ ನನ್ನ ಪ್ರಯಾಣದ ವ್ಯವಸ್ಥೆ ಹಮೀದನದು. ಕಂಕನಾಡಿ ಮಾರ್ಕೆಟಿನ ಹತ್ತಿರ ಅವನದೊಂದು ಸಣ್ಣ ಟ್ರಾವೆಲ್ಸ್ ಅಂಗಡಿ. ಗಲ್ಫಿಗೆ ಹೋಗುವವರ ವಿಮಾನದ ಟಿಕೆಟಿನಿಂದ ಹಿಡಿದು ಶಿರಸಿಗೆ ಹೋಗುವವರ ಬಸ್ಸಿನ ಟಿಕೆಟಿನವರೆಗೆ ಎಲ್ಲವೂ ಅಲ್ಲಿ ಸಿಗುತ್ತದೆ. ಯಾರು ಘಾಟಿಯಲ್ಲಿ ವಾಂತಿ ಮಾಡುತ್ತಾರೆ, ಸಕ್ಕರೆ ಕಾಯಿಲೆಯಿಂದಾಗಿ ಯಾರಿಗೆ ಬಾಗಿಲ ಹತ್ತಿರದ ಸೀಟೇ ಬೇಕು, ಯಾರಿಗೆ ಅತ್ತೆಯ ಊರಿನ ಟಿಕೆಟು ಆದಷ್ಟು ತಡವಾಗಿ ಸಿಕ್ಕಿದರೆ ಸಂತೋಷ, ಇದೆಲ್ಲ ಅವನ ತಲೆಯಲ್ಲಿದೆ. ಜಗಳವಾದ ಮೇಲೆ ನಾನು ಬೇರೆ ಯಾವ ಊರಿಗೆ ಟಿಕೆಟು ಕೇಳಿದರೂ ಅವನು ಕನ್ನಡಕದ ಮೇಲಿನಿಂದ ನೋಡಿ, “ಎಂತ ರೈಗಳೇ, ಹುಬ್ಬಳ್ಳಿಗೆ ಹೋಗುದೇ ಇಲ್ಲ ಅಲ್ವಾ ಈಗ? ಅಕ್ಕ ಹುಷಾರಿದ್ದಾರಾ?” ಎಂದು ಕೇಳುತ್ತಿದ್ದ. ಎರಡು ಸಲ “ಇದ್ದಾರೆ” ಎಂದು ಸುಳ್ಳು ಹೇಳಿದೆ. ಇದ್ದಾರೋ ಇಲ್ಲವೋ ನನಗೆಲ್ಲಿ ಗೊತ್ತು? ಮೂರನೆಯ ಸಲಕ್ಕೆ ಧೈರ್ಯ ಸಾಲದೆ ಫೋನಿಗೆ ಬಸ್ಸಿನ ಆ್ಯಪ್ ಹಾಕಿಕೊಂಡೆ. ಯಂತ್ರವಾದರೆ ಅಕ್ಕನ ಆರೋಗ್ಯ ವಿಚಾರಿಸುವುದಿಲ್ಲವಲ್ಲ!

ಆ್ಯಪ್ ವಿಚಾರಿಸಲಿಲ್ಲ ನಿಜ, ಬರೀ ಅನುಮತಿ ಕೇಳಿತು. ನಾನು ಎಲ್ಲಿದ್ದೇನೆಂದು ತಿಳಿದುಕೊಳ್ಳಲು ಅನುಮತಿ ಕೇಳಿತು, ಕೊಟ್ಟೆ. ಫೋನಿನಲ್ಲಿರುವ ಹೆಸರುಗಳನ್ನೆಲ್ಲ ಓದಲು ಕೇಳಿತು, ಕೊಟ್ಟೆ. ಫೋಟೊಗಳನ್ನು ನೋಡಲು ಕೇಳಿದಾಗ, ಬಸ್ಸಿಗೆ ಫೋಟೊ ಎಂತಕ್ಕೆ ಎಂದು ಸ್ವಲ್ಪ ಯೋಚಿಸಿದೆ. ಇರುವುದಾದರೂ ಏನು, ಮಾರ್ಕೆಟಿನಿಂದ ‘ಇದು ತಾಜಾ ಅಲ್ಲವಾ ನೋಡು’ ಎಂದು ವಾರಿಜಾಳಿಗೆ ಕಳಿಸಿದ ಬೂತಾಯಿ ಮೀನಿನ ಫೋಟೊಗಳು. ನೋಡಿಕೊಳ್ಳಲಿ ಎಂದು ಅದಕ್ಕೂ ಒತ್ತಿಬಿಟ್ಟೆ. ಪಾಸ್ ಪುಸ್ತಕವನ್ನು ಹೆಂಡತಿಗೂ ತೋರಿಸದ ನಾನು ಮುಖ ಕಾಣದ ಕಂಪೆನಿಗೆ ಐದು ನಿಮಿಷದಲ್ಲಿ ಮನೆಯ ಬಾಗಿಲನ್ನೇ ತೆರೆದು ಕೊಟ್ಟಿದ್ದೆ.

ಆಮೇಲೆ ಶುರುವಾಯಿತು ನನ್ನ ಚಾಳಿ. ಮಧ್ಯಾಹ್ನ ಊಟವಾದ ಮೇಲೆ ಆಫೀಸಿನಲ್ಲಿ ಸ್ವಲ್ಪ ಹೊತ್ತು ಯಾರೂ ಇರುವುದಿಲ್ಲ. ಆಗ ಫೋನು ತೆಗೆದು ಮಂಗಳೂರಿನಿಂದ ಹುಬ್ಬಳ್ಳಿಗೆ ಬರುವ ಶನಿವಾರ ಯಾವ ಯಾವ ಬಸ್ಸು ಇದೆ ಎಂದು ನೋಡುತ್ತಿದ್ದೆ. ಚೌತಿಗೆ ಮೊದಲು ನೋಡಿದೆ. ಅಕ್ಕ ಕೆಸುವಿನೆಲೆಯ ಪತ್ರೊಡೆ ಮಾಡಿ ಕಳಿಸುತ್ತಿದ್ದ ತಿಂಗಳಲ್ಲಿ ನೋಡಿದೆ. ಶ್ರುತಿಗೆ ಮಗುವಾಯಿತೆಂದು ಯಾರದೋ ಬಾಯಲ್ಲಿ ಕೇಳಿದ ದಿನ ಕಿಟಕಿಯ ಪಕ್ಕದ ಸೀಟನ್ನು ಒತ್ತಿ, ನನ್ನ ಹೆಸರು, ವಯಸ್ಸು ಎಲ್ಲ ಬರೆದು, ಕೊನೆಯ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತೆ. ಅಷ್ಟರಲ್ಲಿ ಪ್ರಿನ್ಸಿಪಾಲರು ಕರೆದರು. ಕರೆಯದಿದ್ದರೂ ನಾನು ಒತ್ತುತ್ತಿರಲಿಲ್ಲ. ಹೀಗೆ ನೋಡಿ ಫೋನನ್ನು ಕಿಸೆಗೆ ಹಾಕಿಕೊಂಡರೆ ಅರ್ಧ ದಾರಿ ಹೋಗಿಬಂದಷ್ಟು ಸಮಾಧಾನವಾಗುತ್ತಿತ್ತು.

ಒಂದು ದಿನ ಬೆಳಿಗ್ಗೆ ಊಟದ ಮೇಜಿನ ಮೇಲಿದ್ದ ನನ್ನ ಫೋನು ಟಿಣ್ ಎಂದಿತು. ನೀರುದೋಸೆ ಬಡಿಸುತ್ತಿದ್ದ ವಾರಿಜಾ ಅದನ್ನು ಗಟ್ಟಿಯಾಗಿ ಓದಿದಳು: “ಇನ್ನೂ ಯೋಚಿಸುತ್ತಿದ್ದೀರಾ? ಹುಬ್ಬಳ್ಳಿ ನಿಮ್ಮ ದಾರಿ ನೋಡುತ್ತಿದೆ!” ಓದಿ ನನ್ನ ಮುಖ ನೋಡಿದಳು. “ಹುಬ್ಬಳ್ಳಿಗೆ ಹೋಗ್ಲಿಕ್ಕೆ ಉಂಟಾ ನಿಮಗೆ?”

“ಎಂತ ಹುಬ್ಬಳ್ಳಿ? ಅದು ಎಲ್ಲರಿಗೂ ಬರ್ತದೆ,” ಎಂದೆ.

“ನನಗೆ ಬರುದಿಲ್ಲ ಅಲ್ವಾ?” ಎಂದು ಅವಳು ಇನ್ನೊಂದು ದೋಸೆ ಹಾಕಿ ಒಳಗೆ ಹೋದಳು. ಹುಬ್ಬಳ್ಳಿ ನನ್ನ ದಾರಿ ನೋಡುತ್ತಿದೆಯೋ ಇಲ್ಲವೋ ಎಂಬ ಒಂದೇ ವಿಷಯಕ್ಕೆ ನಾನು ವರ್ಷಗಟ್ಟಲೆ ನಿದ್ದೆಗೆಟ್ಟಿದ್ದೆ. ಅದನ್ನು ಇವರು ಸೋಪಿನ ಜಾಹೀರಾತಿನ ಹಾಗೆ ಹೇಳಿಬಿಟ್ಟರಲ್ಲ ಎಂದು ಸಂಕಟವಾಯಿತು. ಅಂದಿನಿಂದ ಸಂದೇಶಗಳು ವಾರಕ್ಕೆರಡರಂತೆ ಬರತೊಡಗಿದವು. ‘ನಿಮ್ಮ ಮೆಚ್ಚಿನ ಕಿಟಕಿಯ ಸೀಟು ಖಾಲಿ ಇದೆ.’ ‘ಈ ಶನಿವಾರ ತಪ್ಪಿಸಿಕೊಳ್ಳಬೇಡಿ.’ ನಾನು ಸುದ್ದಿ ಓದಲು ಹೋದರೆ ಅಲ್ಲಿಯೂ ಪಕ್ಕದಲ್ಲಿ ಹುಬ್ಬಳ್ಳಿಯ ಲಾಡ್ಜುಗಳ ಚಿತ್ರ ಕಾಣಿಸುತ್ತಿತ್ತು. ಒಡಹುಟ್ಟಿದವಳು ಇರುವ ಊರಿನಲ್ಲಿ ನನಗೆ ಲಾಡ್ಜು ತೋರಿಸುತ್ತಾರೆಂದರೆ ನನ್ನ ಸಂಸಾರದ ಸ್ಥಿತಿ ಪೂರ್ತಿ ತಿಳಿದೇ ತೋರಿಸುತ್ತಿರಬೇಕು.

ನಾಚಿಕೆ ಬಿಟ್ಟು ಹಮೀದನನ್ನು ಕೇಳಿದೆ. ಅವನು ನಕ್ಕ. “ಟಿಕೆಟ್ ತೆಗಿಬೇಕು ಅಂತ ಇಲ್ಲ ರೈಗಳೇ, ನೋಡಿದ್ರೆ ಸಾಕು. ಯಾವ ರೂಟು, ಯಾವ ದಿವಸ, ಎಷ್ಟು ಹೊತ್ತು ನೋಡಿದ್ರಿ, ಎಲ್ಲಿವರೆಗೆ ಹೋಗಿ ವಾಪಸ್ ಬಂದ್ರಿ, ಎಲ್ಲ ಅವ್ರ ಹತ್ರ ಉಂಟು. ಅವ್ರು ಲಾಡ್ಜಿನವ್ರಿಗೆ ಹೇಳ್ತಾರೆ, ಲಾಡ್ಜಿನವ್ರು ಮತ್ತೊಬ್ಬರಿಗೆ ಹೇಳ್ತಾರೆ.” ಆಮೇಲೆ ದನಿ ತಗ್ಗಿಸಿ, “ನಾನಾದ್ರೆ ಕೇಳ್ತಿದ್ದೆ ಮಾತ್ರ, ಯಾರಿಗೂ ಹೇಳ್ತಿರ್ಲಿಲ್ಲ ಮಾರಾಯ್ರೆ,” ಎಂದ. ಅದು ನಿಜ. ಆದರೆ ನಿಜವನ್ನು ಒಪ್ಪಿಕೊಳ್ಳುವ ಸ್ವಭಾವ ನನ್ನದಾಗಿದ್ದರೆ ಈ ಪ್ರಬಂಧವನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಮನೆಗೆ ಬಂದು ಕಂಪೆನಿಯ ಸಹಾಯವಾಣಿಗೆ ಫೋನು ಮಾಡಿದೆ. ಬೆಂಗಳೂರಿನ ಕನ್ನಡದಲ್ಲಿ ಮಾತಾಡುವ ಹುಡುಗಿಯೊಬ್ಬಳು ಸಿಕ್ಕಿದಳು. ನನ್ನ ಬೈಗುಳವನ್ನೆಲ್ಲ ತಾಳ್ಮೆಯಿಂದ ಕೇಳಿ, ನಂಬರು ಪಡೆದು, ಎದುರಿಗಿದ್ದದ್ದನ್ನು ಓದಿದಳು. “ಸರ್, ನೀವು ಮಂಗಳೂರು-ಹುಬ್ಬಳ್ಳಿ ರೂಟನ್ನ ಮೂವತ್ತೆಂಟು ಸಲ ನೋಡಿದೀರ. ಹನ್ನೊಂದು ಸಲ ಸೀಟ್ ಸೆಲೆಕ್ಟ್ ಮಾಡಿದೀರ. ಎರಡು ಸಲ ಹೆಸರು, ವಯಸ್ಸು ಎಲ್ಲ ಹಾಕಿ ವಾಪಸ್ ಬಂದಿದೀರ.” ಓದಿ ಮುಗಿಸಿ ಕೇಳಿದಳು, “ಏನ್ ಪ್ರಾಬ್ಲಮ್ ಆಗ್ತಿದೆ ಸರ್?”

ಅವಳು ಕೇಳಿದ್ದು ಪೇಮೆಂಟಿನ ತೊಂದರೆಯ ವಿಷಯ ಎಂದು ನನಗೆ ಗೊತ್ತಿತ್ತು. ಆದರೂ ಏನು ತೊಂದರೆ ಎಂದು ಆರು ವರ್ಷಗಳಲ್ಲಿ ಅಷ್ಟು ಮೃದುವಾಗಿ ಯಾರೂ ನನ್ನನ್ನು ಕೇಳಿರಲಿಲ್ಲ. ಒಂದು ಕ್ಷಣ ಹೇಳಿಬಿಡೋಣ ಅನ್ನಿಸಿತು. ಕಣ್ಣು ತುಂಬಿ ಬಂತು. ಕಣ್ಣು ತುಂಬಿದಾಗ ಕೂಗಾಡುವುದು ನಮ್ಮ ಮನೆತನದ ಗಂಡಸರ ಕ್ರಮ. ನಾನು ಕೂಗಿದೆ. ನನ್ನ ಖಾಸಗಿ ಬದುಕಿನಲ್ಲಿ ಇಣುಕಲು ನೀವು ಯಾರು, ನನ್ನ ಎಲ್ಲ ಮಾಹಿತಿಯನ್ನೂ ಈಗಲೇ ಅಳಿಸಿ ಎಂದೆ.

“ಒಂದ್ಸಲ ಡಿಲೀಟ್ ಆದ್ರೆ ಮತ್ತೆ ಸಿಗಲ್ಲ ಸರ್. ಪರ್ವಾಗಿಲ್ವಾ?”

“ಮೊದಲು ಅಳಿಸಿ.”

ಮೂರು ದಿನದಲ್ಲಿ ಪತ್ರ ಬಂತು. ನನಗೆ ಸಂಬಂಧಪಟ್ಟ ಯಾವ ದಾಖಲೆಯೂ ಇನ್ನು ಅವರಲ್ಲಿ ಇಲ್ಲವಂತೆ. ಅದನ್ನು ಕಾಲೇಜಿನಲ್ಲಿ ನಾಲ್ಕು ಜನಕ್ಕೆ ತೋರಿಸಿದೆ. ನಾಗರಿಕನ ಹಕ್ಕುಗಳ ಬಗ್ಗೆ ಸ್ಟಾಫ್ ರೂಮಿನಲ್ಲಿ ಸಣ್ಣದೊಂದು ಭಾಷಣವೂ ಆಯಿತು. ಫೋನು ಟಿಣ್ ಎನ್ನುವುದು ನಿಂತಿತು. ಮನೆಯಲ್ಲಿ ಹುಬ್ಬಳ್ಳಿಯ ಹೆಸರನ್ನು ಎತ್ತುವವರೇ ಇಲ್ಲದಾದರು. ನನಗೆ ಅದು ಗೆಲುವು ಎಂದೇ ಕಂಡಿತ್ತು.

ಮುಂದಿನ ತಿಂಗಳು ಶ್ರುತಿ ಫೋನು ಮಾಡಿದಳು. “ಮಾವ, ಅಮ್ಮನಿಗೆ ಸ್ಟ್ರೋಕ್ ಆಗಿ ಇಪ್ಪತ್ತು ದಿವಸ ಆಯ್ತು. ಬಲಗೈ ಎತ್ಲಿಕ್ಕೆ ಆಗುದಿಲ್ಲ. ನಿಮಗೆ ಹೇಳ್ಬಾರ್ದು ಅಂತ ಅವ್ರೇ ಹೇಳಿದ್ರು. ಆದ್ರೂ ನಾನು ಹೇಳ್ತಾ ಇದ್ದೇನೆ.” ಕೆಲಸ ಅರ್ಧಕ್ಕೆ ಬಿಟ್ಟು ಕಂಕನಾಡಿಗೆ ನಡೆದೇ ಹೋದೆ. ಹಮೀದ್ ನನ್ನ ಮುಖ ನೋಡಿ ಏನನ್ನೂ ಕೇಳದೆ ಟಿಕೆಟು ಮಾಡಿ ಕೊಟ್ಟ. ನೀನೂ ಬಾ ಎಂದು ವಾರಿಜಾಳನ್ನು ಕರೆದೆ. “ಒಬ್ರೇ ಹೋಗಿ. ನಾನು ಬಂದ್ರೆ ನೀವು ಅಲ್ಲಿ ಕೂತು ನನ್ನ ಹತ್ರವೇ ಮಾತಾಡ್ತೀರಿ,” ಎಂದಳು. ಕಾಲೇಜಿಗೆ ನಾಲ್ಕು ದಿನದ ರಜೆ ಬರೆದುಕೊಟ್ಟು ಹೊರಟೆ.

ಅಕ್ಕ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಅಷ್ಟು ಗಟ್ಟಿಮುಟ್ಟಾದ ಹೆಂಗಸು ಬಾಲ್ಯದಲ್ಲಿ ನಾನು ನೋಡಿದ ನಮ್ಮ ಅಜ್ಜಿಯಷ್ಟು ಕುಗ್ಗಿಹೋಗಿದ್ದಳು. ನನ್ನನ್ನು ನೋಡಿ ತುಳುವಿನಲ್ಲಿ “ಬತ್ತನಾ?” ಎಂದಳು. ಬಂದೆಯಾ ಎಂದು ಅಷ್ಟೇ. ಮಾತು ನಿಧಾನ, ಒಂದೊಂದೇ ಶಬ್ದ. ಆದರೆ ನಾಲಿಗೆಯ ಹರಿತ ಕಡಿಮೆಯಾಗಿರಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಕೂತೆ. ದಾರಿಯುದ್ದಕ್ಕೂ ‘ತಪ್ಪಾಯಿತು ಅಕ್ಕ’ ಎಂದು ಹೇಳಿ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಅದನ್ನು ಹೇಳುವ ಮೊದಲೇ ಅವಳು ಕೇಳಿದಳು.

“ಆರು ವರ್ಷದಲ್ಲಿ ಒಂದು ಸಲವಾದ್ರೂ ನೆನಪಾಯ್ತಾ ನಿನಗೆ?”

“ಒಂದು ಸಲ ಅಲ್ಲಕ್ಕ. ಮೂವತ್ತೆಂಟು ಸಲ. ಇಲ್ಲಿಗೆ ಬರುವ ಬಸ್ಸನ್ನು ಮೂವತ್ತೆಂಟು ಸಲ ನೋಡಿದ್ದೇನೆ.”

“ಲೆಕ್ಕ ಇಟ್ಟಿದ್ದೀಯಾ?”

“ನಾನಲ್ಲ, ಬಸ್ಸಿನ ಕಂಪೆನಿಯವರು.”

ಅವಳು ಎಡಗೈ ಮುಂದೆ ಚಾಚಿದಳು. “ತೋರಿಸು.”

ನಾನು ಫೋನು ತೆಗೆದು ಆ್ಯಪ್ ಒತ್ತಿದೆ. ಅದು ನಂಬರು ಕೇಳಿತು, ಕೊಟ್ಟೆ. ‘ಹೊಸ ಪ್ರಯಾಣಿಕರಿಗೆ ಸ್ವಾಗತ! ನಿಮ್ಮ ಮೊದಲ ಪ್ರಯಾಣ ಎಲ್ಲಿಗೆ?’ ಎಂದು ಬಂತು. ಅಕ್ಕ ಅದನ್ನು ದೂರ ಹಿಡಿದು ಓದಿ, “ಇದ್ರಲ್ಲಿ ಎಂತದೂ ಇಲ್ಲ,” ಎಂದಳು. ನಾನು ಅಲ್ಲಿಂದಲೇ ಸಹಾಯವಾಣಿಗೆ ಫೋನು ಮಾಡಿ ಅವಳಿಗೂ ಕೇಳುವಂತೆ ಸ್ಪೀಕರ್ ಹಾಕಿದೆ. ಈ ಸಲ ಒಬ್ಬ ಗಂಡಸು. “ಈ ನಂಬರಲ್ಲಿ ನಮ್ಮತ್ರ ಹಳೇ ಮಾಹಿತಿ ಯಾವುದೂ ಇಲ್ಲ ಸರ್,” ಎಂದು ಸ್ಪಷ್ಟವಾಗಿ ಹೇಳಿದ. ಇತ್ತು, ನಾನೇ ಹೇಳಿ ಅಳಿಸಿಹಾಕಿಸಿದೆ ಎಂದು ಅಕ್ಕನಿಗೆ ವಿವರಿಸಿದೆ. ಹೇಳುತ್ತಿದ್ದಂತೆ ಅದು ನನಗೇ ಸುಳ್ಳಿನಂತೆ ಕೇಳಿಸಿತು. ‘ಅರ್ಜಿ ಹಾಕಿದ್ದೆ ಸಾರ್, ಸರ್ವರಿನಲ್ಲಿ ಹೋಗಿಬಿಟ್ಟಿದೆ’ ಎಂದು ನನ್ನ ಮೇಜಿನ ಮುಂದೆ ಎಷ್ಟು ವಿದ್ಯಾರ್ಥಿಗಳು ನಿಂತಿಲ್ಲ? ಅವರಲ್ಲಿ ಒಬ್ಬನನ್ನೂ ನಾನು ನಂಬಿದವನಲ್ಲ.

ಅಕ್ಕ ಫೋನನ್ನು ಹೊದಿಕೆಯ ಮೇಲಿಟ್ಟು ಒಂದೊಂದೇ ಶಬ್ದ ಹೆಕ್ಕಿ ಹೇಳಿದಳು. “ನೋಡಿದ್ದೀ ಅಂತಲೇ ಇಟ್ಟುಕೊಳ್ಳುವ. ನೆನಪೇ ಆಗದೆ ಬಾರದವನನ್ನು ಕ್ಷಮಿಸ್ಲಿಕ್ಕೆ ಆಗ್ತದೆ. ಮೂವತ್ತೆಂಟು ಸಲ ನೆನಪಾಗಿಯೂ ಬಾರದವನನ್ನು ನಾನು ಎಂತ ಮಾಡುದು ಮಾರಾಯ?”

ಅವಳು ಕಣ್ಣು ಮುಚ್ಚಿದಳು. ಕಣ್ಣಿನ ಅಂಚಿನಲ್ಲಿ ನೀರು ಇತ್ತು, ಒರೆಸಲು ಬಲಗೈ ಏಳಲಿಲ್ಲ. ನಾನು ಒರೆಸಬಹುದಿತ್ತು. ಕೈ ಅರ್ಧ ಮುಂದೆ ಹೋಗಿ ಹಿಂದೆ ಬಂತು. ಅಭ್ಯಾಸ ಮಾಡಿಕೊಂಡು ಬಂದಿದ್ದ ಎರಡು ಶಬ್ದಗಳೂ ಬಾಯಲ್ಲೇ ಉಳಿದವು. ಶ್ರುತಿ ಬಂದು, “ಮಾವ, ಅಮ್ಮ ಸ್ವಲ್ಪ ಮಲಗ್ಲಿ,” ಎಂದು ಅವಳ ಮುಖ ಒರೆಸಿದಳು.

ಹೊರಗಿನ ಕೋಣೆಗೆ ಬಂದು ಕೂತೆ. ಇನ್ನೂ ಮೂರು ದಿನದ ರಜೆ ಇತ್ತು. ಒಳಗಿದ್ದವಳು ಎದ್ದ ಮೇಲೆ ಅವಳೆದುರು ಮತ್ತೆ ಕೂರುವ ಧೈರ್ಯ ಇರಲಿಲ್ಲ. ಕಾಲೇಜಿನಲ್ಲಿ ತುರ್ತು ಕೆಲಸ ಬಂದಿದೆ ಎಂದು ಶ್ರುತಿಗೆ ಹೇಳಿ ಫೋನು ತೆಗೆದೆ. ಹಳೆಯದೆಲ್ಲ ಅಳಿದುಹೋದ್ದರಿಂದ ನನ್ನ ವಿಷಯವಾಗಿ ಆ ಕಂಪೆನಿಯವರ ಹತ್ತಿರ ಈಗ ಇರುವುದು ಒಂದೇ ಮಾಹಿತಿ: ಹುಬ್ಬಳ್ಳಿಯಿಂದ ಮಂಗಳೂರಿಗೆ, ಅದೇ ದಿನ ಮಧ್ಯಾಹ್ನದ ಬಸ್ಸು, ಒಂದೇ ಸಲ ನೋಡಿ ಎರಡೇ ನಿಮಿಷದಲ್ಲಿ ಟಿಕೆಟು ತೆಗೆದುಕೊಂಡವನು.