ಇವತ್ತೇನ್ ಸಾರು?

ನಮ್ಮ ಅತ್ತೆಗೆ ಈ ಭೂಮಿಯಲ್ಲಿ ಯಾರ ದನಿಯ ಮೇಲೂ ನಂಬಿಕೆಯಿಲ್ಲ. ಹೆತ್ತ ಮಗನ ದನಿಯನ್ನೂ ನಂಬುವುದಿಲ್ಲ ಎಂದರೆ ನೀವು ನಗುತ್ತೀರಿ. ನಾನೂ ನಕ್ಕಿದ್ದೆ!

ಹೂಡಿಯಲ್ಲಿ ನಮ್ಮ ಮನೆಯ ಸುತ್ತ ಈಗ ಅಪಾರ್ಟ್‌ಮೆಂಟುಗಳು. ಅತ್ತೆ ಮದುವೆಯಾಗಿ ಬಂದಾಗ ರಾಗಿಹೊಲಗಳಿದ್ದವಂತೆ, ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿತ್ತಂತೆ. ಮನೆಯವರದೇ ದನಿಯಲ್ಲಿ ಕೂಗುವ ದೆವ್ವ ಅದನ್ನು ಓದಿಕೊಂಡು ಹಿಂದಿರುಗಬೇಕು. ಓದು ಬಾರದ ದೆವ್ವ ಬಂದರೆ? ಹಾಗೆ ಕೇಳಿದ್ದಕ್ಕೆ ಅತ್ತೆ ನನ್ನನ್ನು ಕನಿಕರದಿಂದ ನೋಡಿದರು.

“ಅದುಕ್ಕೇ ಕಣವ್ವಾ, ಬಾಯಲ್ಲೇ ಕೇಳ್ಬೇಕು.”

ಕೇಳಬೇಕಾದ ಪ್ರಶ್ನೆ ಒಂದೇ: “ಇವತ್ತೇನ್ ಸಾರು?”

ನನ್ನ ಮಗಳಿಗೆ ಹದಿಮೂರು ವರ್ಷ. ಅವಳನ್ನು ಶಾಲೆಯಿಂದ ಕರೆತರಲು ಯಾರೇ ಹೋಗಲಿ, ಬಾಗಿಲು ಯಾರೇ ತಟ್ಟಲಿ, ಫೋನಿನಲ್ಲಿ ಯಾರೇ ಕರೆಯಲಿ, ಮೊದಲು ಸಾರು ಹೇಳಬೇಕು. ಬೆಳಿಗ್ಗೆ ಮಾಡಿದ್ದು ನಮ್ಮೆಲ್ಲರ ಡಬ್ಬಿಗಳಲ್ಲೂ ಇರುತ್ತದೆ, ಹೊರಗಿನವರಿಗೆ ತಿಳಿಯುವುದಿಲ್ಲ, ದಿನವೂ ತಾನಾಗಿಯೇ ಬದಲಾಗುತ್ತದೆ. ಮಹದೇವಪುರದ ನನ್ನ ಕಚೇರಿಯಲ್ಲಿ ಪಾಸ್‌ವರ್ಡ್ ಬದಲಾಯಿಸಿ ಎಂದು ವರ್ಷವಿಡೀ ಗೋಗರೆಯುತ್ತಾರೆ!

ಒಂದು ಸಂಜೆ ನನ್ನ ಗಂಡ ಬಾಗಿಲಲ್ಲಿ ನಿಂತು “ಸೊಪ್ಪಿನ ಸಾರಮ್ಮ” ಎಂದರು.

“ಸೊಪ್ಪು ಅಂದ್ರೆ? ಬಸ್ಸಾರೋ, ಮಸ್ಸೊಪ್ಪೋ?”

“ಎರಡೂ ಒಂದೇ ಅಲ್ವಾ?”

ಸೊಪ್ಪು ಬಸಿದು ಮಾಡುವುದೂ ಮಸೆದು ಮಾಡುವುದೂ ಒಂದೇ ಎನ್ನುವವನು ಈ ಮನೆಯ ಮಗನಾಗಿರಲು ಸಾಧ್ಯವೇ? ಇಪ್ಪತ್ತು ನಿಮಿಷ ಹೊರಗೇ ನಿಂತರು.

ಇನ್ನೊಮ್ಮೆ ಕುಂದಲಹಳ್ಳಿಯಿಂದ ಬಂದ ಅತ್ತೆಯ ತಮ್ಮ, ಮೊಮ್ಮಗಳನ್ನು ತಾನೇ ಕರೆತರುವೆನೆಂದು ನೇರ ಶಾಲೆಗೆ ಹೋದರು. ಅವಳು ಗೇಟಿನಲ್ಲೇ ಸಾರು ಕೇಳಿದಳು. ಪಾಪ, ಅಕ್ಕನಿಗೆ ಫೋನ್ ಮಾಡಿದರು.

“ಅಕ್ಕಾ, ಇವತ್ತೇನ್ ಸಾರು ಮಾಡಿದ್ಯಾ?”

“ನೀನ್ಯಾರು ಕೇಳಕ್ಕೆ?”

“ನಿನ್ ತಮ್ಮ ಕಣಕ್ಕಾ!”

“ತಮ್ಮ ಆದ್ರೆ ಸಾರು ಏಳು.”

ಕೊನೆಗೆ ಅತ್ತೆಯೇ ಆಟೋ ಹತ್ತಿ ಹೋಗಿ, ಮೊಮ್ಮಗಳನ್ನೂ ತಮ್ಮನನ್ನೂ ಒಟ್ಟಿಗೇ ಮನೆಗೆ ಕರೆತಂದರು.

ಈಗ ಆ ಶುಕ್ರವಾರದ ವಿಷಯ. ಅದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಬೇರೆ ರೀತಿಯಲ್ಲಿ ಹೇಳಲು ನನಗೆ ಧೈರ್ಯವಿಲ್ಲ.

ಮಧ್ಯಾಹ್ನ ನಾಲ್ಕು ಗಂಟೆ. ಅಂದು ಬೇಗ ಹೊರಟು ಬಂದಿದ್ದೆ. ಬರುತ್ತೇನೆಂದು ಮನೆಯಲ್ಲಿ ಹೇಳಿರಲಿಲ್ಲ. ಗೇಟಿನ ಹೊರಗೆ ಒಂದು ಬಿಳಿ ಕಾರು ಎಂಜಿನ್ ಆರಿಸದೆ ನಿಂತಿತ್ತು. ಅದನ್ನು ಬಳಸಿಕೊಂಡು ಒಳಬಂದು, ಜಗಲಿಯ ಮೇಲೆ ಕೂತು ಶೂ ಬಿಚ್ಚುತ್ತಿದ್ದೆ. ಒಂದು ಕಾಲಿನದು ಬಿಚ್ಚಿಯಾಗಿತ್ತು. ಆಗ ಒಳಗಿನಿಂದ ನಾನು ಮಾತಾಡಿದ್ದು ಕೇಳಿಸಿತು.

“ಪುಟ್ಟಾ, ನಾನು ಕಣೇ. ನಂಗೆ ಆಕ್ಸಿಡೆಂಟ್ ಆಗಿದೆ. ಗೇಟ್ ಹತ್ರ ಕಾರ್ ಕಳ್ಸಿದೀನಿ, ಬೇಗ ಹತ್ತು.”

ನನ್ನದೇ ದನಿ. ಅಳುವ ಮುಂಚೆ ನಾನು ಎಳೆದುಕೊಳ್ಳುವ ಉಸಿರೂ ಅದರಲ್ಲಿತ್ತು. ನನ್ನ ಬಾಯಿ ಮುಚ್ಚಿತ್ತು. ಮುಚ್ಚಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿಕೊಂಡೆ.

ಕಿಟಕಿಯಲ್ಲಿ ಇಣುಕಿದೆ. ಅತ್ತೆಯ ಫೋನು ಮಂಚದ ಮೇಲೆ, ಎಂದಿನಂತೆ ಸ್ಪೀಕರಿನಲ್ಲಿ. ಮಗಳ ಒಂದು ಪಾದ ಆಗಲೇ ಚಪ್ಪಲಿಯಲ್ಲಿತ್ತು. ಅತ್ತೆ ಅವಳ ಜಡೆ ಹಿಡಿದುಕೊಂಡಿದ್ದರು.

“ಇವತ್ತೇನ್ ಸಾರು?”

ಫೋನಿನಲ್ಲಿ ಉಸಿರಾಟದ ಸದ್ದೂ ಇಲ್ಲ. ಆಮೇಲೆ, “ಪುಟ್ಟಾ, ನಾನು ಕಣೇ. ನಂಗೆ ಆಕ್ಸಿಡೆಂಟ್ ಆಗಿದೆ.” ಅದೇ ಮಾತು. ಅದೇ ಜಾಗದಲ್ಲಿ ಅದೇ ಬಿಕ್ಕು.

“ಸಾರು ಏಳವ್ವಾ.”

“ಸಾಂಬಾರ್,” ಎಂದಿತು ನನ್ನ ದನಿ. “ಬೇಗ ಕಳ್ಸಿ.”

ನಮ್ಮ ಮನೆಯಲ್ಲಿ ಸಾರಿಗೆ ಸಾಂಬಾರ್ ಅನ್ನುವವರು ಹುಟ್ಟಿಲ್ಲ. ಅತ್ತೆ ಫೋನ್ ಕತ್ತರಿಸಿದರು. ಹೊರಗೆ ಕಾರು ಹೊರಟುಹೋದ ಸದ್ದಾಯಿತು. ಠಾಣೆಗೆ ದೂರು ಕೊಟ್ಟಿದ್ದೇವೆ. ಕಂಪ್ಯೂಟರಿನಲ್ಲಿ ನಕಲು ಮಾಡಲು ನನ್ನ ದನಿ ಆ ಕಾರಿನವರಿಗೆ ಎಲ್ಲಿ ಸಿಕ್ಕಿತೋ ಇವತ್ತಿಗೂ ಗೊತ್ತಿಲ್ಲ.

ನಾನು “ಪುಟ್ಟಾ” ಎಂದು ಕೂಗುತ್ತಾ ಒಳಗೆ ಓಡಿದೆ. ಮಗಳು ಚೀರಿ ಅತ್ತೆಯ ಬೆನ್ನ ಹಿಂದೆ ಅಡಗಿದಳು. ನನ್ನ ಮಗಳು, ನನ್ನ ದನಿಗೆ!

ಅತ್ತೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಒಂದು ಕಾಲಿನಲ್ಲಿ ಶೂ, ಇನ್ನೊಂದು ಬರಿಗಾಲು.

“ಇವತ್ತೇನ್ ಸಾರು?”

ನನ್ನ ದನಿ ಎತ್ತಲು ನನಗೇ ಭಯವಾಗುತ್ತಿತ್ತು. ಪಿಸುಗುಟ್ಟಿದೆ. “ಇವತ್ತು ಸಾರೇ ಮಾಡ್ಲಿಲ್ಲ ಅತ್ತೆ. ನಿಮ್ಗೆ ಜ್ವರ. ಬೆಳಿಗ್ಗೆ ನಾನೇ ಗಂಜಿ ಕುಡ್ಸಿ ಹೋದೆ.”

ಮಗಳು ಓಡಿ ಬರಲಿಲ್ಲ. ನಿಧಾನವಾಗಿ ಬಂದು ನನ್ನ ಗಂಟಲ ಮೇಲೆ ಅಂಗೈ ಇಟ್ಟು, “ಇನ್ನೊಂದ್ಸಲ ಕರಿ,” ಎಂದಳು. ಕರೆದೆ.

ಆಗ ಅತ್ತೆಯ ಕೈ ನನ್ನ ಕೆನ್ನೆಗೆ ಬಂತು. ಅದು ಸುಡುತ್ತಿತ್ತು.

“ನಿಂಗೇ ಏನೋ ಆಗೋಯ್ತು ಅಂತ,” ಎಂದರು, “ನಾನೂ ಚಪ್ಲಿ ಉಡುಕ್ತಿದ್ದೆ ಕಣವ್ವಾ.”