ನಾಲ್ಕೆಣಿಕೆಯ ಮೌನ

ಹಾಡುಗಾರ್ತಿ ವರ್ಲೀನ್ ಸ್ಟಿಡಮ್ ಮಂಗಳವಾರ ಮಧ್ಯಾಹ್ನ ತೀರಿಕೊಂಡಳು. ಅಮೆರಿಕದ ಪೂರ್ವ ಟೆನೆಸ್ಸಿಯ ರೇಡಿಯೋಗಳೆಲ್ಲ ಅವಳ ‘ಹಿತ್ತಿಲ ಬಾಗಿಲು’ ಆಲ್ಬಮ್ಮಿನ ಕೊನೆಯ ಹಾಡನ್ನೇ ಹಾಕಿದವು. ಹಾಡಿನ ನಡುವೆ, ನಾಲ್ಕು ಎಣಿಸುವಷ್ಟು ಹೊತ್ತಿನ ಆ ಹೆಸರಾಂತ ಮೌನ ಬಂದಾಗ ಗಂಡ ಹೋಬಾರ್ಟ್ ಎಂದಿನಂತೆ ತಲೆ ತಗ್ಗಿಸಿದ.

ಅದು ತನ್ನ ತಪ್ಪೆಂದು ಅವನು ಹನ್ನೊಂದು ವರ್ಷ ನಂಬಿದ್ದ. ಆಲ್ಬಮ್ಮನ್ನು ಅವರ ನಡುಮನೆಯಲ್ಲೇ, ಒಂದೇ ಮೈಕಿನ ಸುತ್ತ ನಿಂತು, ಹಳೆಯ ಕ್ರಮದಲ್ಲಿ ಧ್ವನಿಮುದ್ರಿಸಿದ್ದರು. ಕತ್ತರಿಸುವುದು, ಅಂಟಿಸುವುದು ಇಲ್ಲ, ತಪ್ಪಿದರೆ ಮೊದಲಿಂದ. ಎರಡನೇ ನುಡಿ ಮುಗಿದೊಡನೆ ಅವಳ ದನಿಯೂ ಇವನ ಪಿಟೀಲೂ ಒಟ್ಟಿಗೆ ಏಳಬೇಕಿತ್ತು. ಹೋಬಾರ್ಟ್ ಹೆಂಡತಿಯ ಮುಖ ನೋಡುತ್ತ (ಮದುವೆಯಾಗಿ ಮೂವತ್ತನಾಲ್ಕು ವರ್ಷವಾದ ಮೇಲೆ!) ಕಮಾನು ಎತ್ತುವುದನ್ನೇ ಮರೆತ. ಅವಳೂ ಸುಮ್ಮನೆ ನಿಂತಳು. ನಾಲ್ಕೆಣಿಕೆ ಕಳೆದ ಮೇಲೆ ಅವನು ಕಮಾನು ಎಳೆದ, ಅವಳೂ ಹಾಡು ಹಿಡಿದಳು. ಇನ್ನೊಮ್ಮೆ ಮಾಡೋಣವೆಂದು ಅವನು ಗೋಗರೆದರೂ ಅವಳು ಒಪ್ಪಲಿಲ್ಲ.

ಆಲ್ಬಮ್ ಬಂತು. ದೇವರು ಉಸಿರೆಳೆದುಕೊಳ್ಳುವುದು ಈ ಮೌನದಲ್ಲೇ ಎಂದು ವಿಮರ್ಶಕರು ಬರೆದರು. ಪಾದ್ರಿ ಅದರ ಮೇಲೆ ಎರಡು ಭಾನುವಾರ ಉಪದೇಶ ಮಾಡಿದ. ಎಳೆಯ ಪಿಟೀಲುಗಾರರು ಬಂದು ಹೋಬಾರ್ಟನಿಗೆ ಕೈಮುಗಿಯುವಂತೆ ಟೋಪಿ ತೆಗೆದು ನಿಂತರು. ಒಮ್ಮೆ ಸಂಗೀತ ಕಚೇರಿಯಲ್ಲಿ ಮೌನ ಬಿಡದೆ ಸರಿಯಾಗಿ ನುಡಿಸಿದ್ದಕ್ಕೆ ಜನ ಬೈದರು. ಅಂದಿನಿಂದ ಆ ಮಹಾಶಯ ಒಂದು, ಎರಡು ಎಂದು ಎಣಿಸುತ್ತ ಶ್ರದ್ಧೆಯಿಂದ ತಪ್ಪತೊಡಗಿದ. ಹೆಂಡತಿ ಆ ತಪ್ಪನ್ನು ಕರುಣೆಯಿಂದ ಉಳಿಸಿಕೊಂಡಳೋ, ನಿಜಕ್ಕೂ ಮೆಚ್ಚಿದಳೋ ಎಂದು ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಆ ಮಂಗಳವಾರ ಬೆಳಿಗ್ಗೆ, ಅವಳಿನ್ನೂ ಉಸಿರಾಡುತ್ತಿದ್ದಾಗ, ಮಂಚದ ಬಳಿ ಕೂತು, ನೆರೆಯ ಓಪಲ್ ಕೊಟ್ಟ ಪೀಚ್ ಹಣ್ಣಿನ ಪೈ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೊನೆಗೂ ಬಾಯಿಬಿಟ್ಟ.

“ಆವತ್ತು ನಾನು ಬೇಕಂತ ನಿಲ್ಲಿಸಿದ್ದಲ್ಲ ಕಣೇ. ನಿನ್ನ ನೋಡ್ತಾ ಮರೆತೇಬಿಟ್ಟೆ. ನನ್ನ ಮಾನ ಉಳಿಸೋಕೆ ನೀನು ಕಾದೆ.”

ವರ್ಲೀನ್ ಅವನನ್ನೇ ದಿಟ್ಟಿಸಿದಳು. “ನಾನೆಲ್ಲಿ ಕಾದೆ? ನಂಗೆ ಹಾಡಿನ ಸಾಲೇ ಮರೆತೋಗಿತ್ತು. ನಿನ್ನ ಪಿಟೀಲು ಕೇಳಿದ ಮೇಲೇ ನೆನಪಾಗಿದ್ದು. ನೀನು ನನಗೋಸ್ಕರ ತಡೆದೆ ಅಂದ್ಕೊಂಡು ಹನ್ನೊಂದು ವರ್ಷ ನಿನ್ನ ಗೊರಕೆ ಸಹಿಸ್ಕೊಂಡೆನಲ್ಲೋ.”

ಹೋಬಾರ್ಟ್ ಬಾಯಿಗೆ ಒಯ್ದಿದ್ದ ಚಮಚವನ್ನು ತಟ್ಟೆಗೆ ಇಳಿಸಿದ.

“ಪೇಪರಿನವರಿಗೆ ಹೇಳ್ಬೇಡ,” ಎಂದಳು. “ಪಾದ್ರಿಗಂತೂ ಬೇಡವೇ ಬೇಡ.”

ಆಮೇಲೆ, ಮೂರು ದಿನದಿಂದ ನೀರನ್ನೂ ಬೇಡವೆಂದಿದ್ದವಳು, ಕೈಚಾಚಿ ಅವನ ತೊಡೆಯ ಮೇಲಿನ ತಟ್ಟೆ ಎಳೆದುಕೊಂಡು, ಅವನ ಪಾಲಿನ ಪೈಯನ್ನು ಚೂರೂ ಬಿಡದೆ ತಿಂದಳು.